ಹಿಟ್ಟಿನ ಲೆಕ್ಕಕ್ಕೆ ನೇಟಿವ್ ಆಪ್ ಬೇಕೋ, ವೆಬ್ ಆಪ್ ಸಾಕೋ?

ಪ್ರಶ್ನೆ: ಚೆಂಬೂರಿನಲ್ಲಿ ನಮ್ಮದು ಇಡ್ಲಿ-ದೋಸೆ ಹಿಟ್ಟು ತಯಾರಿಸಿ ಮಾರುವ ಸಣ್ಣ ಉದ್ಯಮ. ಸಾಯನ್, ಮಾಟುಂಗಾ, ಧಾರಾವಿ, ವಡಾಲಾ ಭಾಗದ ಕಿರಾಣಿ ಅಂಗಡಿಗಳಿಗೂ ಕೆಲವು ಹೋಟೆಲುಗಳಿಗೂ ನಸುಕಿನಲ್ಲಿ ನಮ್ಮ ಹುಡುಗರು ಪ್ಯಾಕೆಟ್ ಹಾಕಿ ಬರುತ್ತಾರೆ. ಎಷ್ಟು ಕೊಟ್ಟರು, ಎಷ್ಟು ವಾಪಸು ಬಂತು, ಎಷ್ಟು ನಗದು, ಎಷ್ಟು ಉದ್ರಿ ಎಂಬುದನ್ನು ಈವರೆಗೆ ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ಈಗ ಅದನ್ನು ಮೊಬೈಲಿಗೆ ತರಬೇಕೆಂದಿದ್ದೇವೆ. ವೆಬ್ ಆಪ್ ಸಾಕು, ಖರ್ಚು ಕಡಿಮೆ, ಈಗ ಅದೂ ಆಫ್‌ಲೈನ್‌ನಲ್ಲಿ ನಡೆಯುತ್ತದೆ ಎಂದು ಒಬ್ಬ ಪ್ರೋಗ್ರಾಮರ್ ಹೇಳುತ್ತಾರೆ. ನೇಟಿವ್ ಆಪ್ ಇಲ್ಲದೆ ಆಫ್‌ಲೈನ್ ಕೆಲಸವೇ ಆಗದು ಎಂದು ಇನ್ನೊಬ್ಬರು. ಓಣಿಗಳ ಒಳಗೂ ಕಟ್ಟಡಗಳ ತಳಮಹಡಿಯಲ್ಲೂ ನಮಗೆ ನೆಟ್‌ವರ್ಕ್ ಸಿಗುವುದಿಲ್ಲ. ಯಾರ ಮಾತು ಕೇಳಬೇಕು?

– ಓದುಗರೊಬ್ಬರು, ಚೆಂಬೂರು, ಮುಂಬಯಿ

ಉತ್ತರ: ಹುಡುಗರ ಕೈಯ ಫೋನಿಗೆ ನೇಟಿವ್ ಆಪ್ (ಫೋನಿಗೆಂದೇ ಬರೆದು ಅದರಲ್ಲಿ ಸ್ಥಾಪಿಸುವ ಆಪ್) ಮಾಡಿಸಿ, ಆಫೀಸಿನಲ್ಲಿ ಲೆಕ್ಕ ನೋಡುವವರಿಗೆ ವೆಬ್ ಆಪ್ (ಕ್ರೋಮ್‌ನಂಥ ಬ್ರೌಸರಿನೊಳಗೆ ನಡೆಯುವ ಆಪ್) ಇರಲಿ ಎಂಬುದು ನನ್ನ ಸಲಹೆ. ಆದರೆ ಈ ತೀರ್ಮಾನದ ಹಿಂದಿನ ಕಾರಣಗಳನ್ನು ತಾವು ತಿಳಿದಿರುವುದು ಒಳ್ಳೆಯದು, ಏಕೆಂದರೆ ನೇಟಿವ್ ಎಂದ ಮಾತ್ರಕ್ಕೆ ಯಾವ ಆಪ್ ಕೂಡ ಆಫ್‌ಲೈನ್‌ನಲ್ಲಿ ನಡೆಯುವುದಿಲ್ಲ. ಪ್ಲೇ ಸ್ಟೋರಿನಿಂದ ಇಳಿಸಿಕೊಂಡ ಎಷ್ಟೋ ಆಪ್‌ಗಳು ನೆಟ್‌ವರ್ಕ್ ಹೋದೊಡನೆ ಸುತ್ತುವ ಚಕ್ರವನ್ನು ತೋರಿಸುತ್ತಾ ನಿಂತುಬಿಡುತ್ತವೆ. ಇಬ್ಬರು ಪ್ರೋಗ್ರಾಮರುಗಳನ್ನೂ ತಾವು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಹುಡುಗ ‘ಸೇವ್’ ಒತ್ತಿದಾಗ ಆ ನಮೂದು ಮೊದಲು ಎಲ್ಲಿ ದಾಖಲಾಗುತ್ತದೆ? ಮೊದಲು ಸರ್ವರಿನಲ್ಲಿ (ಎಲ್ಲರ ಲೆಕ್ಕ ಒಂದೆಡೆ ಸೇರುವ ದೂರದ ಕಂಪ್ಯೂಟರಿನಲ್ಲಿ), ಅಲ್ಲಿಂದ ಉತ್ತರ ಬಂದ ಮೇಲೆ ಫೋನಿನಲ್ಲಿ ಎಂದು ಹೇಳಿದರೆ ಆ ಆಪ್ ಯಾವ ಜಾತಿಯದಾದರೂ ನಿಮಗೆ ಉಪಯೋಗವಿಲ್ಲ. ಮೊದಲು ಫೋನಿನಲ್ಲಿ, ಆಮೇಲೆ ಅನುಕೂಲವಾದಾಗ ಸರ್ವರಿಗೆ ಎಂದು ಹೇಳಿದರೆ ಮುಂದಿನ ಮಾತು ಆಡಬಹುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನೆಟ್‌ವರ್ಕ್ ಇಲ್ಲ ಎಂದರೆ ಸಿಗ್ನಲ್ ಪೂರ್ತಿ ಹೋಗಿರುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ಮುಂಬಯಿಯಲ್ಲಿ ಹೆಚ್ಚು ಕಾಡುವುದು ಅರ್ಧಂಬರ್ಧ ನೆಟ್‌ವರ್ಕ್. ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತವರ ಫೋನಿನಲ್ಲಿ ಸಿಗ್ನಲಿನ ಕಡ್ಡಿಗಳೆಲ್ಲ ತುಂಬಿರುತ್ತವೆ, ಆದರೂ ಒಂದು ಸಣ್ಣ ಸಂದೇಶ ಹೋಗುವುದಿಲ್ಲ. ಹೀಗಿರುವಾಗ ಫೋನು ತಾನು ಆನ್‌ಲೈನ್‌ನಲ್ಲಿದ್ದೇನೆ ಎಂದೇ ಆಪ್‌ಗೆ ಹೇಳುತ್ತದೆ. ಫೋನು ಯಾವುದೋ ಟವರಿಗೆ ಅಥವಾ ವೈ-ಫೈಗೆ ಜೋಡಣೆಗೊಂಡಿದೆ ಎಂಬುದಷ್ಟನ್ನೇ ಅದು ಬಲ್ಲದು, ಅದರಾಚೆ ನಿಮ್ಮ ಸರ್ವರ್ ಮುಟ್ಟುತ್ತದೆಯೇ ಇಲ್ಲವೇ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ‘ನೆಟ್ ಇದ್ದರೆ ಸರ್ವರಿಗೆ ಕಳುಹಿಸು, ಇಲ್ಲದಿದ್ದರೆ ಫೋನಿನಲ್ಲಿಡು’ ಎಂಬ ತರ್ಕದಲ್ಲಿ ಬರೆದ ಆಪ್ ಪ್ರೋಗ್ರಾಮರರ ಮೇಜಿನ ಮೇಲೆ ಚೆನ್ನಾಗಿ ನಡೆದು, ಧಾರಾವಿಯ ಓಣಿಯಲ್ಲಿ ಅರ್ಧ ನಿಮಿಷ ಕಾಯಿಸುತ್ತದೆ. ಐವತ್ತು ಅಂಗಡಿ ಮುಗಿಸಬೇಕಾದ ಹುಡುಗ ಒಂದೊಂದು ಅಂಗಡಿಯ ಮುಂದೆಯೂ ಅರ್ಧ ನಿಮಿಷ ನಿಲ್ಲಲಾರ. ಎರಡೇ ದಿನದಲ್ಲಿ ಅವನು ಮತ್ತೆ ಚೀಟಿಯಲ್ಲಿ ಬರೆಯತೊಡಗುತ್ತಾನೆ, ಅದರಲ್ಲಿ ಅವನ ತಪ್ಪೇನೂ ಇಲ್ಲ.

ವೆಬ್ ಆಪ್ ಆಫ್‌ಲೈನ್‌ನಲ್ಲಿ ನಡೆಯುವುದೇ ಇಲ್ಲ ಎಂಬ ಎರಡನೆಯವರ ಮಾತು ಹಳತಾಯಿತು. 2007ರಲ್ಲಿ ಐಫೋನ್ ಬಂದಾಗ ಹೊರಗಿನ ಪ್ರೋಗ್ರಾಮರುಗಳಿಗೆ ಆಪಲ್ ತೋರಿಸಿದ ದಾರಿಯೇ ವೆಬ್ ಆಪ್ ಆಗಿತ್ತು. ಆಪ್ ಸ್ಟೋರ್ ತೆರೆದದ್ದು 2008ರ ಜುಲೈಯಲ್ಲಿ. ಬ್ರೌಸರ್ ಒಳಗೆ ಆಫ್‌ಲೈನ್ ಕೆಲಸ ಸಾಧಿಸುವ ಆರಂಭದ ಪ್ರಯತ್ನಗಳು ಅಷ್ಟಾಗಿ ಫಲಿಸಲಿಲ್ಲ, ಅವುಗಳಲ್ಲಿ ಒಂದಾದ ಆಪ್ಲಿಕೇಷನ್ ಕ್ಯಾಶ್ ಎಂಬ ವ್ಯವಸ್ಥೆಯನ್ನು ಬ್ರೌಸರ್‌ಗಳು ಕೊನೆಗೆ ಕಿತ್ತುಹಾಕಿದವು. ನಿಜವಾದ ಬದಲಾವಣೆ ತಂದದ್ದು ಸರ್ವಿಸ್ ವರ್ಕರ್. ಪುಟಕ್ಕೂ ನೆಟ್‌ವರ್ಕಿಗೂ ನಡುವೆ ನಿಲ್ಲುವ ಸಣ್ಣ ಪ್ರೋಗ್ರಾಂ ಇದು. ಪುಟ ಕೇಳಿದ್ದನ್ನು ಸರ್ವರಿನಿಂದ ತರಬೇಕೋ ಮೊದಲೇ ಫೋನಿನಲ್ಲಿ ಉಳಿಸಿಟ್ಟ ಪ್ರತಿಯಿಂದ ಕೊಡಬೇಕೋ ಎಂಬುದನ್ನು ಇದು ನಿರ್ಧರಿಸುತ್ತದೆ. ಕ್ರೋಮ್‌ನಲ್ಲಿ ಇದು 2015ರಲ್ಲಿ ಬಂತು, ಐಫೋನಿಗೆ 2018ರ ಮಾರ್ಚ್‌ನಲ್ಲಿ ಐಒಎಸ್ 11.3ರೊಂದಿಗೆ ಬಂತು. ಇದರ ಜೊತೆಗೆ ಬ್ರೌಸರಿನೊಳಗೇ ಇರುವ ಇಂಡೆಕ್ಸ್ಡ್‌ಡಿಬಿ ಎಂಬ ದತ್ತಸಂಗ್ರಹದಲ್ಲಿ ಸಾವಿರಾರು ನಮೂದುಗಳನ್ನು ಇಡಬಹುದು. ಹಾಗಾಗಿ ಹೋಮ್ ಸ್ಕ್ರೀನಿಗೆ ಸೇರಿಸಿದ ವೆಬ್ ಆಪ್ ಏರೋಪ್ಲೇನ್ ಮೋಡ್‌ನಲ್ಲೂ ತೆರೆಯುತ್ತದೆ, ಬರೆದದ್ದನ್ನು ಉಳಿಸಿಕೊಳ್ಳುತ್ತದೆ. ಮೊದಲನೆಯವರು ಹೇಳಿದ್ದು ಈ ಅರ್ಥದಲ್ಲಿ ನಿಜ.

ಆದರೆ ಫೋನಿನಲ್ಲಿ ಉಳಿಸುವುದು ಬೇರೆ, ಅಲ್ಲೇ ಉಳಿದಿರುತ್ತದೆ ಎಂಬ ಭರವಸೆ ಬೇರೆ. ಯಾವ ಮಾಹಿತಿ ಕಳೆದರೂ ಮತ್ತೆ ಸರ್ವರಿನಿಂದ ತರಬಹುದೋ ಅದಕ್ಕೆ ವೆಬ್ ಆಪ್ ಧಾರಾಳವಾಗಿ ಸಾಕು. ಮುಂಬಯಿಯ ಜನ 2010ರಿಂದ ಬಳಸುತ್ತಿರುವ ಎಂ-ಇಂಡಿಕೇಟರ್ ಆಪ್ ಲೋಕಲ್ ರೈಲಿನ ವೇಳಾಪಟ್ಟಿಯನ್ನು ಫೋನಿನಲ್ಲೇ ಇಟ್ಟುಕೊಂಡು ನೆಟ್ ಇಲ್ಲದೆಯೂ ತೋರಿಸುತ್ತದೆ. ಆ ಪಟ್ಟಿ ಒಂದು ವೇಳೆ ಅಳಿಸಿಹೋದರೂ ಪ್ರಯಾಣಿಕನಿಗೆ ಆಗುವ ನಷ್ಟ ಸ್ವಲ್ಪ ಡೇಟಾ ಮಾತ್ರ. ನಿಮ್ಮ ಹುಡುಗ ಬರೆಯುವ ನಮೂದಿನ ಸ್ಥಿತಿ ಹಾಗಲ್ಲ. ಬೆಳಿಗ್ಗೆ ಐದೂವರೆಗೆ ಅವನು ‘ನಲವತ್ತು ಪ್ಯಾಕೆಟ್, ಆರು ವಾಪಸು, 500 ನಗದು’ ಎಂದು ಬರೆದದ್ದು ಸರ್ವರ್ ಸೇರುವವರೆಗೆ ಆ ಒಂದು ಫೋನನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇರುವುದಿಲ್ಲ. ನೇಟಿವ್ ಮತ್ತು ವೆಬ್‌ಗಳ ನಡುವೆ ನಾನು ಆಯ್ಕೆ ಮಾಡುವುದು ಈ ಒಂದು ಅಂಶದ ಮೇಲೆ.

ಬ್ರೌಸರಿನಲ್ಲಿಟ್ಟ ಮಾಹಿತಿಗೆ ಒಡೆಯ ಬ್ರೌಸರು. ಫೋನಿನಲ್ಲಿ ಜಾಗ ತೀರುತ್ತಾ ಬಂದಾಗ ಅದು ಬಹುಕಾಲ ತೆರೆಯದ ತಾಣಗಳ ದತ್ತಾಂಶವನ್ನು ಅಳಿಸಬಲ್ಲದು, ಅಳಿಸುವಾಗ ಆ ತಾಣಕ್ಕೆ ಸೇರಿದ್ದೆಲ್ಲವನ್ನೂ ಒಟ್ಟಿಗೆ ಅಳಿಸುತ್ತದೆ. ಇದನ್ನು ಅಳಿಸಬೇಡ ಎಂದು ವೆಬ್ ಆಪ್ ವಿನಂತಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಹೋಮ್ ಸ್ಕ್ರೀನಿಗೆ ಸೇರಿಸಿ ದಿನವೂ ಬಳಸುವ ಆಪ್ ಆದರೆ ಕ್ರೋಮ್ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಆದರೆ ಮನುಷ್ಯನೇ ಅಳಿಸಿದರೆ ಆ ರಕ್ಷಣೆ ಕೆಲಸಕ್ಕೆ ಬಾರದು. ಹುಡುಗರ ಫೋನುಗಳು ಹೇಗಿರುತ್ತವೆ ಎಂಬುದು ತಮಗೆ ಗೊತ್ತು: ವಾಟ್ಸಾಪಿನ ವಿಡಿಯೋಗಳಿಂದ ತುಂಬಿ, ಜಾಗ ಇಲ್ಲ ಎಂಬ ಸೂಚನೆ ದಿನಕ್ಕೆರಡು ಬಾರಿ ಬರುವ ಫೋನುಗಳು. ಅಂಥ ಹೊತ್ತಿನಲ್ಲಿ ಯಾರೋ ಗೆಳೆಯ ಕ್ರೋಮ್‌ನ ಹಿಸ್ಟರಿಯನ್ನೂ ಸೈಟ್ ಡೇಟಾವನ್ನೂ ಒಟ್ಟಿಗೆ ಕ್ಲಿಯರ್ ಮಾಡಿಕೊಟ್ಟರೆ, ಇನ್ನೂ ಸರ್ವರ್ ಸೇರದ ಬೆಳಗಿನ ಲೆಕ್ಕವೂ ಅದರೊಡನೆ ಹೋಗುತ್ತದೆ. ನೇಟಿವ್ ಆಪ್ ತನ್ನ ಮಾಹಿತಿಯನ್ನು ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಎಂಬ ದತ್ತಸಂಗ್ರಹದಲ್ಲಿ, ತನಗೇ ಮೀಸಲಾದ ಜಾಗದಲ್ಲಿ ಇಡುತ್ತದೆ. ರಿಚರ್ಡ್ ಹಿಪ್ 2000ದಲ್ಲಿ ಬರೆದ ಈ ತಂತ್ರಾಂಶ ಇಂದು ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಆಪ್ ಅನ್ನೇ ತೆಗೆದುಹಾಕಿದರೆ ಅಥವಾ ಸೆಟ್ಟಿಂಗ್ಸ್‌ಗೆ ಹೋಗಿ ಆ ಆಪ್‌ನ ಡೇಟಾವನ್ನೇ ಅಳಿಸಿದರೆ ಮಾತ್ರ ಅದು ಹೋಗುತ್ತದೆ; ಬರಿಯ ಕ್ಯಾಶ್ (ಆಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಕಡತಗಳನ್ನು) ಕ್ಲಿಯರ್ ಮಾಡಿದರೆ ಅದಕ್ಕೆ ಏನೂ ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪ್ಲೇ ಸ್ಟೋರಿನಲ್ಲಿ ಸಿಕ್ಕಿತು ಎಂದರೆ ನೇಟಿವ್ ಆಪ್ ಎಂದು ತಿಳಿಯಬಾರದು. ಟ್ರಸ್ಟೆಡ್ ವೆಬ್ ಆಕ್ಟಿವಿಟಿ ಎಂಬ ವಿಧಾನದಲ್ಲಿ ವೆಬ್ ಆಪ್‌ಗೇ ಹೊದಿಕೆ ಹಾಕಿ ಸ್ಟೋರಿನಲ್ಲಿ ಇಡಬಹುದು. ನೋಡಲು ನೇಟಿವ್‌ನಂತೆಯೇ ಇದ್ದರೂ ಒಳಗೆ ಕೆಲಸ ಮಾಡುವುದು ಕ್ರೋಮ್, ಮಾಹಿತಿ ಇರುವುದೂ ಕ್ರೋಮ್‌ನ ಉಗ್ರಾಣದಲ್ಲೇ. ಪ್ರೋಗ್ರಾಮರರು ಕೊಡುವ ಕರಾರಿನಲ್ಲಿ ‘ದತ್ತಾಂಶ ಆಪ್‌ನ ಸ್ವಂತ ಜಾಗದಲ್ಲಿ ಎಸ್‌ಕ್ಯೂಲೈಟ್‌ನಲ್ಲಿ ಇರತಕ್ಕದ್ದು’ ಎಂಬ ಸಾಲನ್ನು ಬರೆಸಿಕೊಳ್ಳಿ.

ಐಫೋನ್ ಬಳಸುವವರು ನಿಮ್ಮಲ್ಲಿ ಕಡಿಮೆ ಇರಬಹುದು, ಆದರೂ ಚುಟುಕಾಗಿ ಹೇಳುತ್ತೇನೆ. ಐಫೋನಿನ ಬ್ರೌಸರಾದ ಸಫಾರಿಯಲ್ಲಿ ತೆರೆದ ತಾಣವನ್ನು ಬ್ರೌಸರ್ ಬಳಕೆಯ ಏಳು ದಿನಗಳ ಕಾಲ ಮುಟ್ಟದಿದ್ದರೆ ಅದು ಉಳಿಸಿಟ್ಟದ್ದನ್ನು ಅಳಿಸುವ ನಿಯಮವನ್ನು ಆಪಲ್ 2020ರಲ್ಲಿ ತಂದಿತು. ಹೋಮ್ ಸ್ಕ್ರೀನಿಗೆ ಸೇರಿಸಿದ ವೆಬ್ ಆಪ್‌ಗಳಿಗೆ ಇದು ಆ ರೀತಿಯಲ್ಲಿ ಅನ್ವಯಿಸುವುದಿಲ್ಲ.

ಎರಡನೆಯ ಕಾರಣ, ನಮೂದುಗಳನ್ನು ಸರ್ವರಿಗೆ ಕಳುಹಿಸುವ ಕೆಲಸ. ಹುಡುಗ ಓಣಿಯಿಂದ ಹೊರಬಂದು ಫೋನನ್ನು ಜೇಬಿಗೆ ಹಾಕಿಕೊಂಡು ಟೆಂಪೋ ಹತ್ತುತ್ತಾನೆ. ಆಗ ನೆಟ್‌ವರ್ಕ್ ಬರುತ್ತದೆ, ಆದರೆ ಆಪ್ ತೆರೆದಿರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ನೇಟಿವ್ ಆಪ್ ವರ್ಕ್‌ಮ್ಯಾನೇಜರ್ ಎಂಬ ಸೌಲಭ್ಯವನ್ನು ಬಳಸಿ, ನೆಟ್‌ವರ್ಕ್ ಬಂದಾಗ ಈ ಕೆಲಸ ಮಾಡು ಎಂದು ಫೋನಿಗೇ ಒಪ್ಪಿಸಿಬಿಡುತ್ತದೆ. ಫೋನು ಆಫ್ ಆಗಿ ಮತ್ತೆ ಆನ್ ಆದರೂ ಆ ಕೆಲಸ ಮರೆತುಹೋಗುವುದಿಲ್ಲ. ವೆಬ್ ಆಪ್‌ಗೂ ಬ್ಯಾಕ್‌ಗ್ರೌಂಡ್ ಸಿಂಕ್ ಎಂಬ ಇಂಥದೇ ಸೌಲಭ್ಯ ಕ್ರೋಮ್‌ನಲ್ಲಿದೆ, ಆದರೆ ಸಫಾರಿಯಲ್ಲೂ ಫೈರ್‌ಫಾಕ್ಸ್‌ನಲ್ಲೂ ಇಲ್ಲ. ಅಲ್ಲಿ ಹುಡುಗ ಮತ್ತೆ ಆಪ್ ತೆರೆಯುವವರೆಗೂ ಲೆಕ್ಕ ಜೇಬಿನಲ್ಲೇ ಕುಳಿತಿರುತ್ತದೆ. ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಕೆಲಸವನ್ನು ತಡೆಯುವ ಫೋನುಗಳೂ ಇರುವುದರಿಂದ, ಆಪ್ ಯಾವುದೇ ಇರಲಿ, ‘ಇನ್ನೂ ಕಳುಹಿಸದ ನಮೂದುಗಳು: 7’ ಎಂದು ತೋರಿಸುವ ಒಂದು ಸಾಲು ಮೊದಲ ಪರದೆಯ ಮೇಲೆಯೇ, ದೊಡ್ಡ ಅಕ್ಷರದಲ್ಲಿ, ಹುಡುಗನ ಭಾಷೆಯಲ್ಲಿ ಇರಬೇಕು. ಆ ಭಾಷೆ ಕನ್ನಡವೇ ಆಗಬೇಕೆಂದಿಲ್ಲ. ಹಿಂದಿ ಅಥವಾ ಮರಾಠಿ ಓದುವ ಹುಡುಗನಿಗೆ ಅದೇ ಭಾಷೆಯ ಪದಗಳು ಆಪ್‌ನೊಳಗೇ ಇರಬೇಕು, ನೆಟ್‌ನಿಂದ ತರುವಂತಿರಬಾರದು.

ಇಲ್ಲಿಯವರೆಗೆ ಹೇಳಿದ್ದಕ್ಕಿಂತ ಹೆಚ್ಚು ಮುಖ್ಯವಾದದ್ದೂ ಪ್ರೋಗ್ರಾಮರುಗಳು ಹೆಚ್ಚಾಗಿ ಎಡವುವುದೂ ಉದ್ರಿ ಲೆಕ್ಕದಲ್ಲಿ. ಧಾರಾವಿಯ ಒಂದು ಅಂಗಡಿಯ ಬಾಕಿ 1,840 ರೂಪಾಯಿ ಎಂದುಕೊಳ್ಳಿ. ಹುಡುಗ ಅಲ್ಲಿ 500 ರೂಪಾಯಿ ನಗದು ಪಡೆದು, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ನಮೂದಿಸುತ್ತಾನೆ. ಅವನ ಫೋನಿನಲ್ಲಿ ಬಾಕಿ 1,340 ಆಗುತ್ತದೆ. ಅದೇ ಹೊತ್ತಿಗೆ ಅಂಗಡಿಯ ಯಜಮಾನರು ಆಫೀಸಿಗೆ ಫೋನ್ ಮಾಡಿ, ನಿನ್ನೆಯ ಹಿಟ್ಟು ಹುಳಿಯಾಗಿತ್ತೆಂದು 300 ರೂಪಾಯಿ ಕಡಿಮೆ ಮಾಡಿಸಿಕೊಳ್ಳುತ್ತಾರೆ. ಆಫೀಸಿನ ಪರದೆಯಲ್ಲಿ ಬಾಕಿ 1,540 ಆಗುತ್ತದೆ. ಹುಡುಗನ ಫೋನಿಗೆ ನೆಟ್ ಬಂದಾಗ ಅದು ‘ಈ ಅಂಗಡಿಯ ಬಾಕಿ 1,340’ ಎಂದು ಸರ್ವರಿಗೆ ಕಳುಹಿಸಿದರೆ, 1,540 ಅಳಿದು 1,340 ಕೂರುತ್ತದೆ. ನಿಜವಾದ ಬಾಕಿ 1,040. ಯಜಮಾನರು ಬಿಡಿಸಿಕೊಂಡ 300 ರೂಪಾಯಿ ಯಾವ ದೋಷಸೂಚನೆಯೂ ಇಲ್ಲದೆ ಮಾಯವಾಯಿತು, ತಿಂಗಳ ಕೊನೆಯಲ್ಲಿ ಅವರಿಗೂ ನಿಮಗೂ ಮಾತಿಗೆ ಮಾತು ಬೆಳೆಯುತ್ತದೆ.

ಇದಕ್ಕೆ ಪರಿಹಾರ ನಿಮ್ಮ ಹಳೆಯ ಪುಸ್ತಕದಲ್ಲೇ ಇದೆ. ಅಲ್ಲಿ ನೀವು ಹಿಂದಿನ ಸಾಲನ್ನು ಅಳಿಸುವುದಿಲ್ಲ, ಹೊಸ ಸಾಲು ಬರೆಯುತ್ತೀರಿ. ಆಪ್ ಕೂಡ ಬಾಕಿಯ ಮೊತ್ತವನ್ನು ಕಳುಹಿಸಬಾರದು, ‘500 ಜಮಾ’ ಎಂಬ ಸಾಲನ್ನು ಕಳುಹಿಸಬೇಕು. ಬಾಕಿಯನ್ನು ಸರ್ವರ್ ಎಲ್ಲ ಸಾಲುಗಳನ್ನು ಕೂಡಿ ಕಳೆದು ತಾನೇ ಲೆಕ್ಕ ಹಾಕಬೇಕು. ತಪ್ಪಾಗಿ ಬರೆದದ್ದನ್ನು ತಿದ್ದುವುದಕ್ಕೂ ಹೊಸ ಸಾಲೇ ಬೇಕು: 500ರ ಬದಲು 50 ಆಗಬೇಕಿದ್ದರೆ ಮೊದಲಿನದನ್ನು ರದ್ದು ಮಾಡುವ ಒಂದು ಸಾಲು, ಸರಿಯಾದದ್ದರ ಇನ್ನೊಂದು ಸಾಲು. ಯಾರು, ಯಾವ ಫೋನಿನಿಂದ, ಎಷ್ಟು ಹೊತ್ತಿಗೆ ಬರೆದರು ಎಂಬುದು ಪ್ರತಿ ಸಾಲಿನೊಡನೆ ಇರಲಿ. ಫೋನಿನ ಗಡಿಯಾರ ತಪ್ಪಿರಬಹುದಾದ್ದರಿಂದ ಸರ್ವರ್ ತನಗೆ ಆ ಸಾಲು ತಲುಪಿದ ಹೊತ್ತನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಲಿ.

ಇದರ ಜೊತೆಗೇ ಬರುವ ಇನ್ನೊಂದು ತೊಡಕೆಂದರೆ ಒಂದೇ ನಮೂದು ಎರಡು ಬಾರಿ ಸೇರುವುದು. ಫೋನು ಕಳುಹಿಸಿತು, ಸರ್ವರ್ ಬರೆದುಕೊಂಡಿತು, ಆದರೆ ‘ಬಂತು’ ಎಂಬ ಉತ್ತರ ಫೋನಿಗೆ ತಲುಪುವ ಮೊದಲೇ ನೆಟ್ ಹೋಯಿತು. ಹೋಗಲಿಲ್ಲವೆಂದು ತಿಳಿದು ಫೋನು ಮತ್ತೆ ಕಳುಹಿಸುತ್ತದೆ, 500 ಜಮಾ ಎರಡು ಬಾರಿ ಬೀಳುತ್ತದೆ. ಇದನ್ನು ತಡೆಯಲು, ಹುಡುಗ ‘ಸೇವ್’ ಒತ್ತಿದ ಕ್ಷಣದಲ್ಲೇ ಫೋನು ಆ ಸಾಲಿಗೆ ಬೇರೆ ಯಾವುದಕ್ಕೂ ಬಾರದಂಥ ಒಂದು ಗುರುತಿನ ಸಂಖ್ಯೆಯನ್ನು ಕೊಡಬೇಕು. ಯುಯುಐಡಿ ಎಂಬ 128 ಬಿಟ್‌ಗಳ ಸಂಖ್ಯೆಯನ್ನು ಇದಕ್ಕೆ ಬಳಸುತ್ತಾರೆ. ಅದನ್ನು ಸೃಷ್ಟಿಸಲು ಸರ್ವರಿನ ಸಹಾಯ ಬೇಕಿಲ್ಲ. ಅದೇ ಸಂಖ್ಯೆಯ ಸಾಲು ಮತ್ತೊಮ್ಮೆ ಬಂದರೆ ಸರ್ವರ್ ‘ಇದು ಆಗಲೇ ಇದೆ’ ಎಂದು ಉತ್ತರಿಸಿ ಸುಮ್ಮನಾಗಬೇಕು. ಇಬ್ಬರು ಪ್ರೋಗ್ರಾಮರುಗಳಲ್ಲಿ ಯಾರು ಈ ಎರಡು ವಿಷಯಗಳನ್ನು ತಾವಾಗಿಯೇ ಎತ್ತುತ್ತಾರೋ ಅವರಿಗೆ ಕೆಲಸ ಕೊಡಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ನೇಟಿವ್, ವೆಬ್ ಎಂಬ ಭೇದಕ್ಕಿಂತ ಇದರ ತೂಕ ಹೆಚ್ಚು.

ಬಿಲ್ಲಿನ ಕ್ರಮಸಂಖ್ಯೆಗೆ ಮಾತ್ರ ಆ ಉದ್ದದ ಗುರುತು ಹೊಂದುವುದಿಲ್ಲ. ಜಿಎಸ್‌ಟಿ ಬಿಲ್ ಕೊಡುವವರಾದರೆ ಬಿಲ್ಲಿನ ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರಗಳನ್ನು ಮೀರಬಾರದು. ನೆಟ್ ಇಲ್ಲದಾಗ ಮುಂದಿನ ಸಂಖ್ಯೆ ಯಾವುದೆಂದು ಸರ್ವರನ್ನು ಕೇಳುವಂತಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಆದ್ದರಿಂದ ಪ್ರತಿ ಫೋನಿಗೂ ಅದರದೇ ಸರಣಿ ಕೊಡಿ. ನಿಮ್ಮ ಲೆಕ್ಕಪರಿಶೋಧಕರಿಗೆ ಇದನ್ನು ಮೊದಲೇ ತಿಳಿಸಿ.

ಯುಪಿಐ ಬಗ್ಗೆ ತಾವು ಕೇಳಿಲ್ಲ, ಆದರೆ ವಸೂಲಿಯ ವಿಷಯ ಬಂದಾಗ ಅದನ್ನು ಬಿಡಲಾಗದು. ಹುಡುಗನ ಕೊರಳಿನ ಕಾರ್ಡಿನ ಮೇಲಿರುವ ಕ್ಯೂಆರ್ ಸಂಕೇತಕ್ಕೆ ಹಣ ಹಾಕುವುದು ಅಂಗಡಿಯವರ ಫೋನು, ಆ ಫೋನಿಗೆ ನೆಟ್ ಇದ್ದರೆ ಸಾಕು. ಆದರೆ ಹಣ ನಿಮ್ಮ ಖಾತೆಗೆ ಬಂತೆಂಬುದನ್ನು ಆಫ್‌ಲೈನ್‌ನಲ್ಲಿರುವ ಹುಡುಗನ ಆಪ್ ಎಂದಿಗೂ ಖಚಿತಪಡಿಸಲಾರದು, ಅದು ನೇಟಿವ್ ಆದರೂ ಅಷ್ಟೇ. ಅಂಗಡಿಯವರ ಪರದೆಯ ಹಸಿರು ಗುರುತನ್ನೋ ಸ್ಕ್ರೀನ್‌ಶಾಟನ್ನೋ ನೋಡಿ ಜಮಾ ಬರೆಯುವುದು ಅಪಾಯಕರ. ಅಂಥ ಸಾಲುಗಳನ್ನು ಆಪ್ ‘ಪರಿಶೀಲನೆಗೆ ಬಾಕಿ’ ಎಂದು ಬೇರೆ ಬಣ್ಣದಲ್ಲಿ ಇಡಲಿ, ಆಫೀಸಿನಲ್ಲಿ ಬ್ಯಾಂಕಿನ ಖಾತೆಯೊಂದಿಗೆ ತಾಳೆ ನೋಡಿದ ಮೇಲೆಯೇ ಅವು ಜಮಾ ಆಗಲಿ.

ಮುಂದೆ ಸಣ್ಣ ಬ್ಲೂಟೂತ್ ಪ್ರಿಂಟರಿನಲ್ಲಿ ರಸೀದಿ ಕೊಡುವ ಯೋಚನೆ ಇದ್ದರೆ ಅದು ನೇಟಿವ್ ಆಪ್ ಪರವಾಗಿ ಇನ್ನೊಂದು ಕಾರಣ. ವೆಬ್ ಬ್ಲೂಟೂತ್ ಎಂಬ ಸೌಲಭ್ಯ ಲೋ ಎನರ್ಜಿ ಬಗೆಯ ಬ್ಲೂಟೂತನ್ನು ಮಾತ್ರ ಮುಟ್ಟುತ್ತದೆ, ಅಗ್ಗದ ಪ್ರಿಂಟರುಗಳಲ್ಲಿ ಅನೇಕವು ಹಳೆಯ ಬಗೆಯವು. ಸಫಾರಿಯಲ್ಲಂತೂ ಆ ಸೌಲಭ್ಯವೇ ಇಲ್ಲ. ಕನ್ನಡ ಅಕ್ಷರಗಳು ಈ ಪ್ರಿಂಟರುಗಳೊಳಗೆ ಸಾಮಾನ್ಯವಾಗಿ ಇರುವುದಿಲ್ಲ; ರಸೀದಿ ಕನ್ನಡದಲ್ಲಿ ಬೇಕಾದರೆ ಆಪ್ ಅದನ್ನು ಚಿತ್ರವಾಗಿ ಮಾಡಿ ಕಳುಹಿಸಬೇಕಾಗುತ್ತದೆ.

ಖರ್ಚಿನ ಮಾತಿಗೆ ಬರೋಣ. ವೆಬ್ ಆಪ್ ಅಗ್ಗ ಎಂಬುದು ಸುಳ್ಳಲ್ಲ. ಸ್ಟೋರಿನ ಗೊಡವೆ ಇಲ್ಲ, ಸರ್ವರಿನಲ್ಲಿ ಬದಲಿಸಿದರೆ ಎಲ್ಲರಿಗೂ ಬದಲಾಗುತ್ತದೆ. ನೇಟಿವ್‌ಗೆ ಪ್ಲೇ ಸ್ಟೋರ್ ನೋಂದಣಿ ಒಂದು ಬಾರಿಗೆ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್. ವ್ಯಕ್ತಿಯ ಹೆಸರಿನಲ್ಲಿ ಹೊಸ ಪ್ಲೇ ಖಾತೆ ತೆರೆದರೆ, ಪ್ರಕಟಿಸುವ ಮೊದಲು 12 ಜನರು 14 ದಿನ ಸತತವಾಗಿ ಪರೀಕ್ಷಿಸಿರಬೇಕು ಎಂಬ ನಿಯಮವೂ ಇದೆ. ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಆಪ್ ಅನ್ನು ಆಗಾಗ ನವೀಕರಿಸದಿದ್ದರೆ ಸ್ಟೋರು ಅದನ್ನು ಹೊಸ ಫೋನುಗಳಿಗೆ ಕೊಡುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ವರ್ಷವಾರು ನಿರ್ವಹಣೆಯ ಮೊತ್ತವನ್ನು ಈಗಲೇ ಮಾತಾಡಿಕೊಳ್ಳಿ. ಹೀಗಿದ್ದರೂ ಖರ್ಚನ್ನು ಇಳಿಸುವ ದಾರಿಗಳಿವೆ. ಫ್ಲಟ್ಟರ್ ಅಥವಾ ರಿಯಾಕ್ಟ್ ನೇಟಿವ್ ಎಂಬ ಸಾಧನದಲ್ಲಿ ಒಮ್ಮೆ ಬರೆದರೆ ಎರಡೂ ಬಗೆಯ ಫೋನಿಗೆ ಆಗುತ್ತದೆ. ನಿಮ್ಮ ಮೊದಲನೆಯ ಪ್ರೋಗ್ರಾಮರ್ ವೆಬ್ ಮಾತ್ರ ಬಲ್ಲವರಾದರೆ, ಅವರು ಬರೆದದ್ದನ್ನೇ ಕೆಪಾಸಿಟರ್ ಎಂಬ ಸಾಧನದಿಂದ ನೇಟಿವ್ ಚೌಕಟ್ಟಿನೊಳಗೆ ಕೂರಿಸಿ, ದತ್ತಾಂಶವನ್ನು ಎಸ್‌ಕ್ಯೂಲೈಟ್‌ನಲ್ಲಿ ಇಡಬಹುದು. ನಿಮ್ಮ ಗಾತ್ರದ ಉದ್ಯಮಕ್ಕೆ ಈ ಕೊನೆಯ ದಾರಿಯೂ ಗೌರವಯುತವಾದದ್ದೇ. ಇದರಲ್ಲಿ ಮಾಹಿತಿ ಆಪ್‌ನ ಸ್ವಂತ ಜಾಗದಲ್ಲಿರುತ್ತದೆ, ಕ್ರೋಮ್ ಕ್ಲಿಯರ್ ಮಾಡಿದರೆ ಹೋಗುವುದಿಲ್ಲ.

ಆಫೀಸಿಗೆ ವೆಬ್ ಆಪ್ ಎಂದೆ. ಅಲ್ಲಿ ವೈ-ಫೈ ಇರುತ್ತದೆ, ದೊಡ್ಡ ಪರದೆ ಬೇಕಾಗುತ್ತದೆ, ವರದಿಗಳ ರೂಪ ಮೇಲಿಂದ ಮೇಲೆ ಬದಲಾಗುತ್ತದೆ. ಅದಕ್ಕೆ ನೇಟಿವ್ ಆಪ್ ಮಾಡಿಸುವುದು ದುಡ್ಡು ಪೋಲು.

ಪ್ರೋಗ್ರಾಮರರಿಗೆ ಕೊನೆಯ ಕಂತಿನ ಹಣ ಕೊಡುವ ಮೊದಲು ಅವರ ಎದುರಿನಲ್ಲೇ, ಅವರ ಹೊಸ ಫೋನಿನಲ್ಲಿ ಅಲ್ಲ, ನಿಮ್ಮ ಹುಡುಗರ ಫೋನುಗಳಲ್ಲಿ ಅತ್ಯಂತ ಹಳೆಯದರಲ್ಲಿ, ಈ ಪರೀಕ್ಷೆ ಮಾಡಿ. ಏರೋಪ್ಲೇನ್ ಮೋಡ್ ಹಾಕಿ ಹತ್ತು ನಮೂದು ಬರೆಯಿರಿ, ಒಂದನ್ನು ತಿದ್ದಿ. ಆಪ್ ಅನ್ನು ಮುಚ್ಚಿ, ಫೋನನ್ನು ಆಫ್ ಮಾಡಿ ಆನ್ ಮಾಡಿ, ನಮೂದುಗಳು ಇವೆಯೇ ನೋಡಿ. ಕ್ರೋಮ್‌ನ ಸೈಟ್ ಡೇಟಾವನ್ನು ಪೂರ್ತಿ ಅಳಿಸಿ, ಮತ್ತೆ ನೋಡಿ. ನೆಟ್ ಹಾಕಿ, ನಮೂದುಗಳು ಹೋಗುತ್ತಿರುವಾಗಲೇ ಅರ್ಧದಲ್ಲಿ ತೆಗೆಯಿರಿ, ಮತ್ತೆ ಹಾಕಿ, ಇದನ್ನು ನಾಲ್ಕೈದು ಬಾರಿ ಮಾಡಿ. ಅದೇ ಹೊತ್ತಿಗೆ ಆಫೀಸಿನ ಪರದೆಯಿಂದ ಅದೇ ಅಂಗಡಿಗೆ ಒಂದು ಜಮಾ ಬರೆಯಿರಿ. ಕೊನೆಗೆ ಆ ಅಂಗಡಿಯ ಬಾಕಿಯನ್ನು ಕಾಗದದ ಮೇಲೆ ಕೈಯಿಂದ ಲೆಕ್ಕ ಹಾಕಿ ಸರ್ವರಿನ ಮೊತ್ತದೊಂದಿಗೆ ಹೋಲಿಸಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಕಂತನ್ನು ತಡೆಹಿಡಿಯಿರಿ, ಮತ್ತು ವ್ಯತ್ಯಾಸ ಸರಿಹೋಗುವವರೆಗೆ ಹುಡುಗರು ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಬೇಡಿ.